ಅಗ್ಗದ ಸಿನಿಮಾಕ್ಕೆ ಬೇಕಾದ್ದು ಪರದೆ

1952ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ‘ದಿ ಜಂಗಲ್’ ಎಂಬ ಸಿನಿಮಾ ಬಂತು. ರಾಡ್ ಕ್ಯಾಮೆರಾನ್, ಸೀಸರ್ ರೊಮೆರೊ, ಮೇರಿ ವಿಂಡ್ಸರ್ ತಾರಾಗಣದಲ್ಲಿದ್ದರು, ನಿರ್ದೇಶನ ವಿಲಿಯಂ ಬರ್ಕ್ ಅವರದು. ಭಾರತದ ಕಾಡೊಂದರಲ್ಲಿ ಆನೆಗಳು ಬೆದರಿ ಓಡುತ್ತಿವೆ, ಯಾಕೆಂದು ನೋಡಲು ಹೊರಟ ತಂಡಕ್ಕೆ ಎದುರಾಗುವುದು ಹಿಮಯುಗದ ಮ್ಯಾಮತ್‌ಗಳು. ಮ್ಯಾಮತ್ ತೋರಿಸಲು ದೊಡ್ಡ ಖರ್ಚೇನೂ ಮಾಡಲಿಲ್ಲ. ನಮ್ಮ ಆನೆಗಳಿಗೇ ಜಡೆ ಜಡೆಯಾದ ಕೂದಲಿನ ಹೊದಿಕೆ ಹೊದಿಸಿ ಕ್ಯಾಮೆರಾದ ಮುಂದೆ ನಡೆಸಿದರು. ಅಮೆರಿಕದಲ್ಲಿ ಈ ಚಿತ್ರವನ್ನು ಹಂಚಿದ್ದು ಅಗ್ಗದ ಸಿನಿಮಾಗಳಿಗೇ ಹೆಸರಾಗಿದ್ದ ಲಿಪರ್ಟ್ ಪಿಕ್ಚರ್ಸ್. ಅದರ ತಯಾರಿಕೆಗೆ ಇಲ್ಲಿಂದ ಕೈಜೋಡಿಸಿದ್ದು ಸೇಲಂನ ಮಾಡರ್ನ್ ಥಿಯೇಟರ್ಸ್. ತಮಿಳಿನಲ್ಲಿ ಅದೇ ಚಿತ್ರ ‘ಕಾಡು’ ಆಯಿತು.

ಆಗ ಹೊಸೂರು, ಕೃಷ್ಣಗಿರಿ, ದೆಂಕಣಿಕೋಟೆ ಎಲ್ಲವೂ ಸೇಲಂ ಜಿಲ್ಲೆಯೊಳಗೇ ಇದ್ದವು. ಧರ್ಮಪುರಿ ಜಿಲ್ಲೆ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದು 2004ರಲ್ಲಿ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಸಂತೆಯಲ್ಲಿ ಆಡುವ ಈ ಗಡಿ ಸೀಮೆಗೆ ಸಿನಿಮಾದಲ್ಲಿ ಎರಡು ತವರು. ಒಂದು ಬೆಂಗಳೂರಿನ ಗಾಂಧಿನಗರ, ಇನ್ನೊಂದು ಸೇಲಂ. ಹಾಲಿವುಡ್‌ನ ಬಡ ಸ್ಟುಡಿಯೊಗಳ ಕಥೆ ನಮಗೆ ಸಂಬಂಧವಿಲ್ಲದ ದೂರದ ಕಥೆಯಲ್ಲ, ಅದರ ಒಂದು ಕೊನೆ ನಮ್ಮ ಹಳೆಯ ಜಿಲ್ಲಾ ಕೇಂದ್ರಕ್ಕೆ ಬಂದು ಮುಟ್ಟಿದೆ. ಆ ಎಳೆ ಹಿಡಿದು ಹೋದರೆ, ಈಗ ಕನ್ನಡದಲ್ಲಿ ಸಣ್ಣ ಚಿತ್ರಗಳು ಯಾಕೆ ನೆಲಕಚ್ಚುತ್ತಿವೆ ಎಂಬ ಪ್ರಶ್ನೆಗೂ ಉತ್ತರದ ಒಂದು ತುದಿ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಅಮೆರಿಕದ ವಿಷಯ. 1930ರ ದಶಕದ ಆರಂಭದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದವು. ಜನರನ್ನು ಸೆಳೆಯಲು ಮಾಲೀಕರು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಹಿಡಿದರು. ಮೊದಲನೆಯದು ದೊಡ್ಡ ನಟರ ದೊಡ್ಡ ಚಿತ್ರ, ಎರಡನೆಯದು ಒಂದು ಗಂಟೆ ಆಸುಪಾಸಿನ ಚಿಕ್ಕ ಚಿತ್ರ. ಈ ಎರಡನೆಯದೇ ‘ಬಿ’ ಚಿತ್ರ. ಅದನ್ನು ಮಾಡಿಕೊಡಲು ದೊಡ್ಡ ಸ್ಟುಡಿಯೊಗಳಲ್ಲಿ ಪ್ರತ್ಯೇಕ ವಿಭಾಗಗಳಿದ್ದವು. ಜೊತೆಗೆ ಹಾಲಿವುಡ್‌ನ ಗೋವರ್ ರಸ್ತೆಯ ಸುತ್ತಮುತ್ತ ಸಣ್ಣ ಕಂಪನಿಗಳ ಒಂದು ಕೇರಿಯೇ ಬೆಳೆದಿತ್ತು. ಅದನ್ನು ಅವರು ಬಡವರ ಸಾಲು ಎಂದೇ ಕರೆಯುತ್ತಿದ್ದರು. ಮಾನೊಗ್ರಾಂ, ರಿಪಬ್ಲಿಕ್, ಪಿ.ಆರ್.ಸಿ. ಆ ಸಾಲಿನ ದೊಡ್ಡ ಹೆಸರುಗಳು. ಇವುಗಳಲ್ಲಿ ರಿಪಬ್ಲಿಕ್ ಹುಟ್ಟಿದ ಬಗೆಯೇ ಆ ಲೋಕದ ಸ್ವಭಾವವನ್ನು ಹೇಳುತ್ತದೆ. ಹರ್ಬರ್ಟ್ ಯೇಟ್ಸ್ ಎಂಬುವರು ಫಿಲ್ಮ್ ಸಂಸ್ಕರಿಸುವ ಲ್ಯಾಬೊರೇಟರಿ ನಡೆಸುತ್ತಿದ್ದರು. ಸಣ್ಣ ಕಂಪನಿಗಳು ಅವರ ಲ್ಯಾಬಿನಲ್ಲಿ ಬಾಕಿ ಉಳಿಸಿಕೊಂಡಿದ್ದವು. ಅವುಗಳಲ್ಲಿ ಕೆಲವನ್ನು ಒಟ್ಟುಗೂಡಿಸಿ 1935ರಲ್ಲಿ ಅವರು ರಿಪಬ್ಲಿಕ್ ಕಟ್ಟಿದರು.

ಈ ವ್ಯವಹಾರದ ಗುಟ್ಟು ಬಾಡಿಗೆಯ ಲೆಕ್ಕದಲ್ಲಿತ್ತು. ದೊಡ್ಡ ಚಿತ್ರವನ್ನು ಗಳಿಕೆಯ ಶೇಕಡಾವಾರು ಪಾಲಿಗೆ ಕೊಡುತ್ತಿದ್ದರು. ಗೆದ್ದರೆ ಕೋಟಿ, ಸೋತರೆ ಮಣ್ಣು. ಎರಡನೆಯ ಚಿತ್ರಕ್ಕೆ ಮಾತ್ರ ಇಷ್ಟೆಂದು ನಿಗದಿಯಾದ ಬಾಡಿಗೆ. ಎಷ್ಟು ಜನ ನೋಡಿದರೂ ಅಷ್ಟೇ, ಯಾರೂ ನೋಡದಿದ್ದರೂ ಅಷ್ಟೇ. ಹೀಗಾಗಿ ಬಿ ಚಿತ್ರ ತೆಗೆಯುವವನಿಗೆ ಎಷ್ಟು ಬರುತ್ತದೆಂಬುದು ಕ್ಯಾಮೆರಾ ತಿರುಗುವ ಮೊದಲೇ ಗೊತ್ತಿರುತ್ತಿತ್ತು. ಬರುವ ದುಡ್ಡಿಗಿಂತ ಕಡಿಮೆಯಲ್ಲಿ ಚಿತ್ರ ಮುಗಿಸಿದರೆ ಉಳಿದದ್ದು ಲಾಭ. ಅಲ್ಲಿ ಎಲ್ಲವೂ ಬೇಗ ಬೇಗ, ಒಂದೇ ಸೆಟ್ಟು ನಾಲ್ಕು ಚಿತ್ರಗಳಲ್ಲಿ, ಹಳೆಯ ಚಿತ್ರದ ಕುದುರೆ ಓಟ ಹೊಸ ಚಿತ್ರದಲ್ಲಿ. ಇದನ್ನೆಲ್ಲ ಜನ ಜಿಪುಣತನವೆಂದು ಎಣಿಸುತ್ತಾರೆ. ನನಗೆ ಇದರಲ್ಲಿ ಕಾಣುವುದು ಭದ್ರತೆ. ನಾಳೆಯೂ ಕೆಲಸವಿದೆ, ನಾಡಿದ್ದೂ ಇದೆ ಎಂಬ ಭದ್ರತೆ ಸಿನಿಮಾದಂಥ ಜೂಜಿನ ಕ್ಷೇತ್ರದಲ್ಲಿ ಬಹಳ ಅಪರೂಪದ್ದು.

ಆ ಭದ್ರತೆಯೊಳಗೆ ಏನು ಬೆಳೆಯಬಹುದು ಎಂಬುದಕ್ಕೆ ಆರ್‌ಕೆಓ ಸ್ಟುಡಿಯೊದ ‘ಕ್ಯಾಟ್ ಪೀಪಲ್’ (1942) ಸಾಕ್ಷಿ. ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರಿಗೆ ಸ್ಟುಡಿಯೊ ಮೊದಲು ಕೊಟ್ಟದ್ದು ಬರೀ ಶೀರ್ಷಿಕೆ, ಆಮೇಲೆ ಸಣ್ಣದೊಂದು ಬಜೆಟ್ಟು. ಕಥೆ ಅವರೇ ಹೊಂದಿಸಿಕೊಳ್ಳಬೇಕು. ಹೆಣ್ಣೊಬ್ಬಳು ಚಿರತೆಯಾಗುತ್ತಾಳೆ ಎಂಬ ಕಥೆಗೆ ವೇಷಭೂಷಣ, ತಂತ್ರಜ್ಞಾನ ಎಂದು ಸುರಿಯಲು ದುಡ್ಡಿರಲಿಲ್ಲ. ನಿರ್ದೇಶಕ ಜಾಕ್ ಟೂರ್ನ್ಯೂರ್ ಚಿರತೆಯನ್ನು ಆದಷ್ಟೂ ತೋರಿಸದೆ ಇರಲು ನಿರ್ಧರಿಸಿದರು. ಆ ಚಿತ್ರದ ಈಜುಕೊಳದ ದೃಶ್ಯ ನೋಡಿ. ರಾತ್ರಿ, ಹೆಂಗಸೊಬ್ಬಳು ಒಬ್ಬಳೇ ನೀರಿನೊಳಗೆ. ದೀಪ ಆರಿದೆ. ನೀರಿನ ಅಲೆಯ ಬೆಳಕು ಗೋಡೆ ಮತ್ತು ಚಾವಣಿಯ ಮೇಲೆ ಅಲ್ಲಾಡುತ್ತಿದೆ. ಎಲ್ಲೋ ಒಂದು ಗುರುಗುಟ್ಟುವ ಸದ್ದು, ಗೋಡೆಯ ಮೇಲೆ ಹಾದುಹೋಗುವ ನೆರಳು, ಅವಳ ಚೀರಾಟ ಕೊಳದ ಗೋಡೆಗಳಿಗೆ ಬಡಿದು ವಾಪಸ್ಸು ಬರುತ್ತದೆ. ಅಷ್ಟೇ. ಆ ನೆರಳು ತನ್ನದೇ ಮುಷ್ಟಿಯದೆಂದು ಟೂರ್ನ್ಯೂರ್ ಮುಂದೆ ಹೇಳಿಕೊಂಡಿದ್ದಾರೆ. ಚಿತ್ರದ ಮನೆಯೊಂದರ ಮೆಟ್ಟಿಲು ಅದೇ ಸ್ಟುಡಿಯೊದಲ್ಲಿ ಆರ್ಸನ್ ವೆಲ್ಸ್ ತೆಗೆದ ‘ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್‌ಸನ್ಸ್’ ಸೆಟ್ಟಿನದು. ಸುಮಾರು 1,34,000 ಡಾಲರಿನ ಈ ಚಿತ್ರ ದೊಡ್ಡ ಗಳಿಕೆ ಕಂಡಿತು, ಭಯವನ್ನು ತೋರಿಸುವ ಹೊಸ ರೀತಿಯನ್ನೂ ಕಲಿಸಿತು. ಲ್ಯೂಟನ್ ತಮ್ಮ ಸಂಕಲನಕಾರರನ್ನು ನಿರ್ದೇಶಕರ ಕುರ್ಚಿಗೆ ಏರಿಸುತ್ತಿದ್ದರು. ಹಾಗೆ ಏರಿದವರಲ್ಲಿ ಒಬ್ಬರು ರಾಬರ್ಟ್ ವೈಸ್. ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಅವರದೇ.

ಬಡವರ ಸಾಲಿನಲ್ಲೂ ಇಂಥ ಉದಾಹರಣೆಗಳಿವೆ. ಜಾನ್ ವೇಯ್ನ್ 1939ರ ‘ಸ್ಟೇಜ್‌ಕೋಚ್’ಗೆ ಮುಂಚೆ 1930ರ ದಶಕವನ್ನು ಬಹುಪಾಲು ಸವೆಸಿದ್ದು ಅಗ್ಗದ ಕೌಬಾಯ್ ಚಿತ್ರಗಳಲ್ಲಿ. ಎಡ್ಗರ್ ಉಲ್ಮರ್ ಪಿ.ಆರ್.ಸಿ.ಗಾಗಿ ಮಾಡಿದ ‘ಡೀಟೂರ್’ (1945) ಆ ದೇಶದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 1992ರಲ್ಲೇ ಸೇರಿತು. ಫ್ರಾನ್ಸಿನ ಗೊದಾರ್ ತಮ್ಮ ‘ಬ್ರೆತ್‌ಲೆಸ್’ (1960) ಚಿತ್ರವನ್ನು ಅರ್ಪಿಸಿದ್ದು ಮಾನೊಗ್ರಾಂ ಪಿಕ್ಚರ್ಸ್‌ಗೆ.

ಆದರೆ ಈ ಭರವಸೆಯ ಬುಡದಲ್ಲಿ ಒಂದು ಅನ್ಯಾಯವೂ ಇತ್ತು, ಅದನ್ನು ಮುಚ್ಚಿಟ್ಟು ಮಾತಾಡಬಾರದು. ದೊಡ್ಡ ಸ್ಟುಡಿಯೊಗಳು ತಮ್ಮ ಒಳ್ಳೆಯ ಚಿತ್ರ ಬೇಕಾದರೆ ಜೊತೆಗೆ ಇಷ್ಟು ಸಾಧಾರಣ ಚಿತ್ರಗಳನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಬೇಕೆಂದು ಚಿತ್ರಮಂದಿರದವರನ್ನು ಕಟ್ಟಿಹಾಕುತ್ತಿದ್ದವು. ಮುಖ್ಯ ಚಿತ್ರಮಂದಿರಗಳು ಅವರ ಕೈಯಲ್ಲೇ ಇದ್ದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಮುರಿಯಿತು. ತೀರ್ಪು ನ್ಯಾಯವಾದದ್ದೇ. ಆದರೆ ಅದರ ಜೊತೆಗೆ, ಟೆಲಿವಿಷನ್ನಿನ ಹೊಡೆತದ ಜೊತೆಗೆ, ಬಿ ಚಿತ್ರದ ಕಾಲವೂ ಮುಗಿಯುತ್ತ ಬಂತು. ಮಾನೊಗ್ರಾಂ ಹೆಸರು ಬದಲಿಸಿಕೊಂಡಿತು, ರಿಪಬ್ಲಿಕ್ 1950ರ ದಶಕದ ಕೊನೆಗೆ ಚಿತ್ರ ತೆಗೆಯುವುದನ್ನೇ ಬಿಟ್ಟಿತು. ಅಲ್ಲಿ ಪ್ರತಿಭೆಯೇನೂ ಒಂದು ಬೆಳಗ್ಗೆ ಬತ್ತಿಹೋಗಲಿಲ್ಲ. ಪರದೆ ಕೈತಪ್ಪಿತು, ಆದ್ದರಿಂದ ಕೆಲಸ ನಿಂತಿತು.

ಈ ಹೊತ್ತಿನಲ್ಲೇ ಲಿಪರ್ಟ್ ಬಂದದ್ದು. ರಾಬರ್ಟ್ ಲಿಪರ್ಟ್ ಮೂಲತಃ ಚಿತ್ರಮಂದಿರಗಳ ಮಾಲೀಕರು. ದೊಡ್ಡ ಕಂಪನಿಗಳು ಕೇಳುವ ಬಾಡಿಗೆ ಕೊಟ್ಟು ಸಾಕಾಗಿ, ತಮ್ಮ ಪರದೆಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುತ್ತೇನೆಂದು ಹೊರಟವರು. ಸ್ಯಾಮ್ಯುಯೆಲ್ ಫುಲ್ಲರ್ ಎಂಬ ಪತ್ರಕರ್ತರಿಗೆ ನಿರ್ದೇಶನದ ಮೊದಲ ಅವಕಾಶ ಕೊಟ್ಟದ್ದು ಅವರೇ. ಫುಲ್ಲರ್ ಅವರ ‘ದಿ ಸ್ಟೀಲ್ ಹೆಲ್ಮೆಟ್’ (1951) ಕೊರಿಯಾ ಯುದ್ಧದ ಬಗ್ಗೆ ನೇರವಾಗಿ ಮಾತಾಡಿದ ಚಿತ್ರ, ಹತ್ತೇ ದಿನದಲ್ಲಿ ಚಿತ್ರೀಕರಣವಾದದ್ದು. ಅದರ ಮರುವರ್ಷವೇ ಲಿಪರ್ಟ್ ಸೇಲಂನಲ್ಲಿ ತಯಾರಾದ ಚಿತ್ರವನ್ನು ಅಮೆರಿಕದ ಪರದೆಗೆ ತಂದರು.

ಸೇಲಂಗೇ ಯಾಕೆ? ಅಲ್ಲಿ ಒಂದು ಪೂರ್ಣ ಕಾರ್ಖಾನೆಯಿತ್ತು. ಟಿ.ಆರ್. ಸುಂದರಂ (1907–1963) ಜವಳಿ ವ್ಯಾಪಾರದ ಮನೆತನದವರು, ಇಂಗ್ಲೆಂಡಿನಲ್ಲಿ ಜವಳಿ ತಂತ್ರಜ್ಞಾನ ಓದಿ ಬಂದವರು. 1930ರ ದಶಕದಲ್ಲಿ ಅವರು ಏರ್ಕಾಡು ಬೆಟ್ಟದ ಬುಡದಲ್ಲಿ ಮಾಡರ್ನ್ ಥಿಯೇಟರ್ಸ್ ಕಟ್ಟಿದರು. 1937ರ ‘ಸತಿ ಅಹಲ್ಯಾ’ ಅವರ ಮೊದಲ ಚಿತ್ರ. ಮಲಯಾಳಂನ ಮೊದಲ ವಾಕ್ಚಿತ್ರ ‘ಬಾಲನ್’ (1938) ಅಲ್ಲೇ ತಯಾರಾಯಿತು. ತಮಿಳಿನ ‘ಆಲಿಬಾಬಾವುಂ 40 ತಿರುಡರ್‌ಗಳುಂ’ (1956), ಮಲಯಾಳಂನ ‘ಕಂಡಂ ಬೆಚ್ಚ ಕೋಟ್ಟ್’ (1961) ಅಲ್ಲಿಂದ ಬಂದ ಬಣ್ಣದ ಚಿತ್ರಗಳು. ಎಂ.ಜಿ. ರಾಮಚಂದ್ರನ್ ನಟಿಸಿ ಕರುಣಾನಿಧಿ ಸಂಭಾಷಣೆ ಬರೆದ ‘ಮಂದಿರಿ ಕುಮಾರಿ’ (1950) ಅಲ್ಲಿನದೇ. ಅದನ್ನು ಸುಂದರಂ ಜೊತೆ ನಿರ್ದೇಶಿಸಿದ ಎಲ್ಲಿಸ್ ಡಂಗನ್ ಅಮೆರಿಕದವರು. ತಮಿಳು ಬರೆಯಲು ಓದಲು ಬಾರದಿದ್ದರೂ ಹದಿನೈದು ವರ್ಷ ತಮಿಳು ಚಿತ್ರ ಮಾಡಿದವರು. ‘ದಿ ಜಂಗಲ್’ ಚಿತ್ರಕ್ಕೆ ಹಾಲಿವುಡ್ ಮತ್ತು ಸೇಲಂ ನಡುವಿನ ಸೇತುವೆ ಅವರೇ.

ಸುಂದರಂ ನೂರಕ್ಕೂ ಹೆಚ್ಚು ಚಿತ್ರ ತೆಗೆದದ್ದು ಮದ್ರಾಸಿನಲ್ಲಿದ್ದುಕೊಂಡಲ್ಲ, ಮದ್ರಾಸಿಗೆ ಇನ್ನೂರು ಮೈಲಿ ದೂರದ ಜಿಲ್ಲಾ ಪಟ್ಟಣದಲ್ಲಿದ್ದುಕೊಂಡು. ಗಿರಣಿ ನಡೆಸುವ ಶಿಸ್ತಿನಲ್ಲಿ ಸ್ಟುಡಿಯೊ ನಡೆಸಿದರು. ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರಬೇಕು. ಅವರ ಕಾಲವಾದ ಮೇಲೂ ಮಗನ ನೇತೃತ್ವದಲ್ಲಿ ಕೆಲವು ವರ್ಷ ಅದೇ ಓಟ ನಡೆಯಿತು. ಜೈಶಂಕರ್ ನಾಯಕರಾದ ‘ವಲ್ಲವನ್ ಒರುವನ್’ (1966), ‘ಸಿ.ಐ.ಡಿ. ಶಂಕರ್’ (1970) ತರಹದ ಪತ್ತೇದಾರಿ ಚಿತ್ರಗಳು ಬಂದವು. ಅವುಗಳನ್ನು ಯಾರೂ ಕಲೆಯ ಪಟ್ಟಿಗೆ ಸೇರಿಸಲಿಲ್ಲ. ಆದರೆ ಅವುಗಳಲ್ಲಿ ಪಳಗಿದ ಕೈಗಳು ದಕ್ಷಿಣದ ಇಡೀ ಚಿತ್ರರಂಗಕ್ಕೆ ಹಂಚಿಹೋದವು. ಕನ್ನಡದಲ್ಲಿ ದೊರೈ–ಭಗವಾನ್ ‘ಜೇಡರ ಬಲೆ’ (1968) ಮೂಲಕ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿದ್ದೂ ಇದೇ ಗಾಳಿಯಲ್ಲಿ.

ಕನ್ನಡಕ್ಕೂ ಒಂದು ಬಡವರ ಸಾಲಿತ್ತು. ಮೈಸೂರಿನ ಮಹಾತ್ಮ ಪಿಕ್ಚರ್ಸ್. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ ಸೇರಿ ಕಟ್ಟಿದ ಈ ಸಂಸ್ಥೆ, ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಬಿಡದೆ ಚಿತ್ರ ತೆಗೆಯಿತು. ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951), ‘ಚಂಚಲಕುಮಾರಿ’ (1953) ಎಲ್ಲವೂ ಮಾಯ, ಮಂತ್ರ, ರಾಜಕುಮಾರಿಯರ ಜಾನಪದ ಚಿತ್ರಗಳು. ‘ಜಗನ್ಮೋಹಿನಿ’ಯನ್ನು ಜನ ಮುಗಿಬಿದ್ದು ನೋಡಿದರು. ನನ್ನ ಗಮನ ಸೆಳೆಯುವುದು ವಿಠಲಾಚಾರ್ಯರ ಹಿನ್ನೆಲೆ. ಉಡುಪಿ ಬಳಿಯ ಉದ್ಯಾವರದವರಾದ ಅವರು ಚಿತ್ರ ತೆಗೆಯುವ ಮುಂಚೆ ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಲಿಪರ್ಟ್ ಅವರ ಹಾಗೆ ಇವರೂ ಪರದೆಯ ಕಡೆಯಿಂದ ಸಿನಿಮಾಕ್ಕೆ ಬಂದವರು. ನೆಲದ ಟಿಕೆಟ್ಟಿನವನು ಯಾವಾಗ ಶಿಳ್ಳೆ ಹೊಡೆಯುತ್ತಾನೆ, ಯಾವಾಗ ಬೀಡಿಗೆಂದು ಎದ್ದು ಹೋಗುತ್ತಾನೆ ಎಂಬುದನ್ನು ಟೆಂಟಿನ ಒಳಗೇ ನಿಂತು ಕಂಡವರು. ಮುಂದೆ ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಬ್ರಹ್ಮ ಎನಿಸಿಕೊಂಡರು. ಎನ್.ಟಿ. ರಾಮರಾವ್ ಜೊತೆ ‘ಬಂದಿಪೋಟು’ (1963) ಮಾಡಿದರು, 1978ರಲ್ಲಿ ‘ಜಗನ್ಮೋಹಿನಿ’ಯನ್ನೇ ತೆಲುಗಿನಲ್ಲಿ ಮತ್ತೆ ತೆಗೆದು ಗೆದ್ದರು. ಅವರ ಮಿತವ್ಯಯದ ಬಗ್ಗೆ ಚಿತ್ರರಂಗದಲ್ಲಿ ಇಂದಿಗೂ ಕಥೆಗಳು ಓಡಾಡುತ್ತವೆ. ನಾಯಕನಟ ಕಾಲ್‌ಶೀಟ್ ಕೊಡದೆ ಸತಾಯಿಸಿದರೆ ಮಾಂತ್ರಿಕನ ಶಾಪದಿಂದ ಆ ಪಾತ್ರವನ್ನು ಗಿಣಿಯಾಗಿಯೋ ಮೇಕೆಯಾಗಿಯೋ ಮಾಡಿ ಶೂಟಿಂಗ್ ಮುಂದುವರಿಸುತ್ತಿದ್ದರಂತೆ. ಕಥೆ ನಿಜವೋ ಬೆಳೆದದ್ದೋ, ದುಡ್ಡಿಲ್ಲದಾಗ ಕಲ್ಪನೆಯನ್ನು ದುಡಿಸುವ ಆ ಬುದ್ಧಿ ಮಾತ್ರ ಅವರ ಚಿತ್ರಗಳ ತುಂಬ ಕಾಣುತ್ತದೆ.

ನಮ್ಮಲ್ಲಿ ಎರಡು ಚಿತ್ರಕ್ಕೊಂದು ಟಿಕೆಟ್ಟಿನ ಪದ್ಧತಿ ಬೇರೂರಲಿಲ್ಲ. ನಮ್ಮ ಒಂದೊಂದು ಚಿತ್ರವೇ ಹಾಡು, ಹಾಸ್ಯ ಸೇರಿ ಎರಡೂವರೆ ಮೂರು ಗಂಟೆ. ಆದರೂ ಅಗ್ಗದ ಚಿತ್ರಕ್ಕೆ ಭರವಸೆ ಕೊಡುವ ಒಂದು ವ್ಯವಸ್ಥೆ ನಮ್ಮಲ್ಲಿತ್ತು. ಅದು ಟೆಂಟು. ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ ಮುಂತಾದ ಊರುಗಳ ಜನರಿಗೆ ಸಿನಿಮಾ ಎಂದರೆ ಬಹುಕಾಲ ಅದೇ. ಹೊತ್ತು ಮುಳುಗುವಾಗ ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಸಿದರೆ ಟಿಕೆಟ್ ಶುರುವಾಯಿತೆಂದು ಅರ್ಥ. ಮುಂದೆ ಮರಳಿನ ನೆಲ, ಹಿಂದೆ ಬೆಂಚು, ಕೊನೆಗೆ ಒಂದೆರಡು ಸಾಲು ಕುರ್ಚಿ. ಪ್ರೊಜೆಕ್ಟರ್ ಒಂದೇ, ಆದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹೊತ್ತುತ್ತಿತ್ತು. ಟೆಂಟಿನವನು ವಾರಕ್ಕೆ ಎರಡು ಮೂರು ಚಿತ್ರ ಬದಲಿಸಬೇಕು, ಇಲ್ಲದಿದ್ದರೆ ಅದೇ ಊರಿನ ಅದೇ ಜನ ಮತ್ತೆ ಬರುವುದಿಲ್ಲ. ಹೊಸ ದೊಡ್ಡ ಚಿತ್ರ ಅವನಿಗೆ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ನಿಗದಿ ಬಾಡಿಗೆಗೆ ಸಿಗುವ ಜಾನಪದ, ಪೌರಾಣಿಕ, ಕತ್ತಿವರಸೆ, ಪತ್ತೇದಾರಿ ಚಿತ್ರಗಳೇ ಅವನ ಅನ್ನ. ಅವನೇ ಆ ಚಿತ್ರಗಳ ಅನ್ನದಾತ ಕೂಡ. ಭಾಷೆಯ ಗೋಡೆಯೂ ಟೆಂಟಿನಲ್ಲಿ ತೆಳ್ಳಗಿತ್ತು. ಕನ್ನಡದ ಮನೆಯವರು ವಿಠಲಾಚಾರ್ಯರ ತೆಲುಗು ಚಿತ್ರವನ್ನು, ತೆಲುಗಿನವರು ಎಂ.ಜಿ.ಆರ್. ಚಿತ್ರವನ್ನು ಸಲೀಸಾಗಿ ನೋಡುವ ಸೀಮೆ ಇದು.

ಈ ಚಿತ್ರಗಳನ್ನು ಸಮರ್ಥಿಸುವವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಖಾತ್ರಿಯಿರುವ ಪರದೆ ಕಸವನ್ನು ಸಾಕುವುದಿಲ್ಲವೇ? ಹೌದು, ಸಾಕುತ್ತದೆ. ಹಾಲಿವುಡ್‌ನ ಬಿ ಚಿತ್ರಗಳಲ್ಲಿ ಬಹುಪಾಲು ಇಂದು ನೋಡಲಾಗದಂಥವು. ಕರಿಯರನ್ನು, ರೆಡ್ ಇಂಡಿಯನ್ನರನ್ನು, ಏಷ್ಯಾದವರನ್ನು ಅವು ತೋರಿಸಿದ ರೀತಿ ಅವಮಾನಕರ. ‘ದಿ ಜಂಗಲ್’ನ ಭಾರತವೂ ಭಾರತೀಯರಿಗೆ ಪರಿಚಯವಿಲ್ಲದ ಭಾರತ. ನಮ್ಮ ಮಾಯಮಂತ್ರದ ಚಿತ್ರಗಳಲ್ಲಿ ಹೆಣ್ಣನ್ನು ಕಂಡ ಕಣ್ಣೂ ಹೆಚ್ಚು ಕಡೆ ಕೆಟ್ಟದ್ದೇ. ಇದನ್ನು ಒಪ್ಪಿಯೂ ನಾನು ಹೇಳುವುದಿಷ್ಟು: ದೊಡ್ಡ ಬಜೆಟ್ಟಿನ ಚಿತ್ರಗಳೇನೂ ಈ ಪಾಪಗಳಿಂದ ಮುಕ್ತವಾಗಿರಲಿಲ್ಲ. ಅಗ್ಗದ ಚಿತ್ರದಲ್ಲಿದ್ದ ವಿಶೇಷ ಎಂದರೆ ಎರಡನೆಯ ಸಲ, ಮೂರನೆಯ ಸಲ ಪ್ರಯತ್ನಿಸಲು ಇದ್ದ ಅವಕಾಶ. ಉಲ್ಮರ್, ಫುಲ್ಲರ್, ವಿಠಲಾಚಾರ್ಯ ಒಂದೇ ಚಿತ್ರಕ್ಕೆ ತಮ್ಮ ಹಣೆಬರಹವನ್ನು ಒಪ್ಪಿಸಿದವರಲ್ಲ. ಸಾಮಾನ್ಯ ಚಿತ್ರ ಬಂದರೂ ಮುಂದಿನ ತಿಂಗಳು ಇನ್ನೊಂದು ಸೆಟ್ಟಿಗೆ ಹೋಗುವ ದಾರಿ ಅವರಿಗಿತ್ತು. ಕೈ ಪಳಗುವುದು ಹಾಗೆ.

ಈಗಿನ ಕನ್ನಡ ಚಿತ್ರರಂಗದಲ್ಲಿ ಅದಿಲ್ಲ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಚಿತ್ರಗಳು ಬಿಡುಗಡೆಯಾಗುವ ವರ್ಷಗಳನ್ನು ಕಂಡಿದ್ದೇವೆ. ಬಹುಪಾಲು ಹೊಸಬರವು, ಬಹುಪಾಲು ಸಾಲದ ದುಡ್ಡಿನವು. ಶುಕ್ರವಾರ ತೆರೆಗೆ ಬಂದ ಚಿತ್ರ ಸೋಮವಾರ ಇರುತ್ತದೋ ಇಲ್ಲವೋ. ಬೆಳಗಿನ ಪ್ರದರ್ಶನಕ್ಕೆ ಹತ್ತು ಜನ ಬಂದರೆ ಮಧ್ಯಾಹ್ನದ ಪ್ರದರ್ಶನ ರದ್ದು. ಸುದ್ದಿ ಬಾಯಿಂದ ಬಾಯಿಗೆ ಹಬ್ಬುವಷ್ಟರಲ್ಲಿ ಚಿತ್ರವೇ ಇರುವುದಿಲ್ಲ. ಒಂದು ಚಿತ್ರ ಸೋತ ನಿರ್ದೇಶಕ ಎರಡನೆಯದನ್ನು ಮಾಡುವುದೇ ಇಲ್ಲ, ಧಾರಾವಾಹಿಗೋ ಬೇರೆ ಉದ್ಯೋಗಕ್ಕೋ ಹೋಗುತ್ತಾನೆ. ಸರ್ಕಾರ ಪ್ರತಿ ವರ್ಷ ನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಬ್ಸಿಡಿ ಕೊಡುತ್ತದೆ. ಅದರ ಉದ್ದೇಶ ಒಳ್ಳೆಯದೇ. ಆದರೆ ಸಬ್ಸಿಡಿ ಚಿತ್ರದ ತಯಾರಿಕೆಗೆ ಸಿಗುವ ಹಣ, ಅದನ್ನು ಜನ ನೋಡಲಿ ಬಿಡಲಿ ಸಿಗುತ್ತದೆ. ಬಿ ಚಿತ್ರದ ನಿಗದಿ ಬಾಡಿಗೆ ಪರದೆಯ ಮೇಲೆ ಬಂದಾಗ ಮಾತ್ರ ಸಿಗುತ್ತಿತ್ತು. ಮೊದಲನೆಯದು ಚಿತ್ರಗಳ ಸಂಖ್ಯೆ ಹೆಚ್ಚಿಸುತ್ತದೆ, ಎರಡನೆಯದು ಪ್ರೇಕ್ಷಕರ ಮುಂದೆ ನಿಲ್ಲಿಸುತ್ತದೆ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಒಟಿಟಿ ಆ ಪರದೆಯಾಗಬಹುದೆಂದು ಕೆಲವು ವರ್ಷ ಎಲ್ಲರೂ ಅಂದುಕೊಂಡೆವು. ಆದರೆ ದೊಡ್ಡ ಕಂಪನಿಗಳು ತಾರೆಯರ ಚಿತ್ರ ಕೊಂಡು ಸಣ್ಣವನ್ನು ಬಾಗಿಲಲ್ಲೇ ನಿಲ್ಲಿಸಿದವು. ಕೇರಳ 2024ರ ಮಾರ್ಚಿನಲ್ಲಿ ಸರ್ಕಾರದ್ದೇ ‘ಸಿಸ್ಪೇಸ್’ ಒಟಿಟಿ ಆರಂಭಿಸಿತು. ಕರ್ನಾಟಕವೂ 2025ರ ಬಜೆಟ್ಟಿನಲ್ಲಿ ಅಂಥದೊಂದನ್ನು ಘೋಷಿಸಿತು. ಮಹಾರಾಷ್ಟ್ರ 2015ರಲ್ಲಿ ಮಲ್ಟಿಪ್ಲೆಕ್ಸ್‌ಗಳಲ್ಲಿ ಮರಾಠಿ ಚಿತ್ರಕ್ಕೆ ಒಳ್ಳೆಯ ಹೊತ್ತಿನ ಪ್ರದರ್ಶನ ಕೊಡಬೇಕೆಂದು ಪಟ್ಟು ಹಿಡಿಯಿತು. ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳೆಂದು ನಾನು ತಿಳಿದಿದ್ದೇನೆ. ಆದರೆ ಊರಿನ ಜನ ಒಟ್ಟಿಗೆ ಕೂತು ನೋಡುವ ಪರದೆಗೆ ಬದಲಿಯಿಲ್ಲ. ಅಗ್ಗದ ಚಿತ್ರ ತನ್ನ ಜಾಣತನವನ್ನು ಕಲಿತದ್ದು ಆ ಗುಂಪಿನ ಶಿಳ್ಳೆಯಿಂದ, ಆ ಗುಂಪಿನ ಆಕಳಿಕೆಯಿಂದ.

ಗಡಿಯಾಚೆ ಇದು ಇನ್ನೂ ಕಷ್ಟ. ಬೆಂಗಳೂರಿನಿಂದ ಹೊಸೂರಿಗೆ ನಲವತ್ತೇ ಕಿಲೋಮೀಟರ್. ಆದರೆ ಚಿತ್ರ ವಿತರಣೆಯ ಲೆಕ್ಕದಲ್ಲಿ ಹೊಸೂರು, ಕೃಷ್ಣಗಿರಿ ಇಂದಿಗೂ ‘ಸೇಲಂ ಏರಿಯಾ’. ತಾರೆಯರ ಕನ್ನಡ ಚಿತ್ರ ಹೇಗೋ ದಾಟಿ ಬರುತ್ತದೆ. ಹೊಸಬರ ಸಣ್ಣ ಚಿತ್ರಕ್ಕೆ ಇನ್ನೊಂದು ಏರಿಯಾದ ವಿತರಕರನ್ನು ಹುಡುಕುವ ಶಕ್ತಿ ಎಲ್ಲಿಂದ ಬರಬೇಕು? ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳಿಸುವ, ಮನೆಯಲ್ಲಿ ಕನ್ನಡ ಆಡುವ ಸಾವಿರಾರು ಕುಟುಂಬಗಳಿಗೆ ಇಂದಿನ ಕನ್ನಡದ ಸಣ್ಣ ಚಿತ್ರ ಪರದೆಯ ಮೇಲೆ ಕಾಣುವುದೇ ಅಪರೂಪವಾಗಿದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಇಂದು ಎಲ್ಲೂ ಇಲ್ಲ, ‘ಬಾಲನ್’ ಕೂಡ ಇಲ್ಲ. ಮೊದಲ ಚಿತ್ರಗಳ ಗತಿಯೇ ಇದಾದರೆ ಟೆಂಟುಗಳಲ್ಲಿ ಸವೆದ ಚಿತ್ರಗಳನ್ನು ಯಾರು ಕೇಳುತ್ತಾರೆ? ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಅಷ್ಟರಲ್ಲಿ ಎಷ್ಟೋ ಹೋಗಿತ್ತು. ಸೇಲಂನ ಸ್ಟುಡಿಯೊ ಜಾಗದಲ್ಲಿ ಈಗ ಗುರುತಾಗಿ ಉಳಿದಿರುವುದು ಮುಂಬಾಗಿಲಿನ ಕಮಾನು. ಅಮೆರಿಕದವರು ‘ಡೀಟೂರ್’ನಂಥ ಚಿತ್ರವನ್ನು ಹುಡುಕಿ, ಒರೆಸಿ, ಮತ್ತೆ ಪರದೆಗೆ ತಂದರು. ನಮ್ಮ ‘ಜಗನ್ಮೋಹಿನಿ’, ‘ನಾಗಕನ್ನಿಕಾ’ಗಳನ್ನು ಈಗಿನ ಹುಡುಗರಿಗೆ ತೋರಿಸಬೇಕೆಂದರೆ ಯಾವ ಬಾಗಿಲು ತಟ್ಟಬೇಕು?

ಆದ್ದರಿಂದ ಕರ್ನಾಟಕದ ಸಬ್ಸಿಡಿ ಹಣದಲ್ಲಿ ಒಂದು ಪಾಲನ್ನು ಚಿತ್ರದಿಂದ ತೆಗೆದು ಪರದೆಗೆ ಕೊಡಬೇಕೆಂಬುದು ನನ್ನ ವಾದ. ಪ್ರತಿ ತಾಲ್ಲೂಕಿನಲ್ಲಿ ಒಂದು ಚಿತ್ರಮಂದಿರ, ವಾರಕ್ಕೆ ನಾಲ್ಕು ನಿಗದಿತ ಪ್ರದರ್ಶನ, ಸಣ್ಣ ಚಿತ್ರಕ್ಕೆ ನಿಗದಿ ಬಾಡಿಗೆ, ಎರಡು ವಾರ ಕದಲಿಸದ ಕರಾರು. ಬಾಡಿಗೆ ಸರ್ಕಾರ ಭರಿಸಲಿ, ಟಿಕೆಟ್ಟಿನ ಹಣ ಚಿತ್ರಮಂದಿರದವರಿಗೇ ಉಳಿಯಲಿ. ಅಮೆರಿಕದಲ್ಲಿ ನಡೆದಂತೆ ಮಾಲೀಕರನ್ನು ಕಟ್ಟಿಹಾಕುವ ಅಗತ್ಯವಿಲ್ಲ, ಒಪ್ಪಿ ಬಂದವರಿಗಷ್ಟೇ ಈ ಕರಾರು. ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಚಲನಚಿತ್ರ ವಾಣಿಜ್ಯ ಮಂಡಳಿ ಕೂತು ಸೇಲಂ ಏರಿಯಾದ ವಿತರಕರೊಡನೆ ಮಾತಾಡಿ, ಹೊಸೂರಿನ ಒಂದು ಪರದೆ, ದೆಂಕಣಿಕೋಟೆಯ ಒಂದು ಪರದೆಯನ್ನೂ ಈ ಪಟ್ಟಿಗೆ ಸೇರಿಸಲಿ. ಕಾಸರಗೋಡು, ಸೊಲ್ಲಾಪುರ, ತಾಳವಾಡಿಗೂ ಅದೇ ಏರ್ಪಾಡು ಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ವರ್ಷದ ಸಬ್ಸಿಡಿ ಮೊತ್ತದ ಸ್ವಲ್ಪ ಭಾಗ ಮತ್ತು ಈ ರಾಜ್ಯಗಳ ವಿತರಕರ ಒಂದು ಸಭೆ ಸಾಕು.